ನಿರಿಗೆ ಲೆಕ್ಕ

ಡೆಂಟಲ್ ಕಾಲೇಜು ರೋಡಿನಲ್ಲಿ ಹೊಸದಾಗಿ ತೆರೆದ
ಚೈನೀಸ್ ಹೋಟೆಲಿಗೆ
ನನ್ನ ವಾರದ ರಜೆಯ ಮಂಗಳವಾರ
ಇಂದೂಬಾಯಿಯನ್ನು ಹೊರಡಿಸಿಕೊಂಡು ಹೋದೆ.
ಬಾಗಿಲಲ್ಲಿ ಕೆಂಪು ಗೂಡುದೀಪ,
ಗೋಡೆಯ ಮೇಲೆ ಬಾಯಿ ತೆರೆದ ಹಾವಿನಂಥದ್ದೇನೋ.
‘ನಾಗಪ್ಪನಾ?’ ಅಂದಳು, ಕೈ ಮುಗಿಯಲೋ ಬೇಡವೋ ಎಂಬಂತೆ.
‘ಡ್ರ್ಯಾಗನ್ ಕಣೇ. ಕಾಲಿದಾವೆ ನೋಡು.’
ನೋಡಲಿಲ್ಲ. ಕುರ್ಚಿಯ ಬೆನ್ನು ತಡವಿ ಕೂತಳು.

ಮೆನು ಬಂತು.
‘ನೀನೇ ಓದು, ಕನ್ನಡಕ ಬಿಟ್ಟು ಬಂದೆ.’
ಕನ್ನಡಕ ಅವಳ ಕೊರಳ ದಾರಕ್ಕೇ ಜೋತುಬಿದ್ದಿತ್ತು.
ಓದಿದೆ, ಹರಿಹರದ ಬಸ್ಸಿನಲ್ಲಿ
ದೊಡ್ಡಬಾತಿ, ದೊಡ್ಡಬಾತಿ ಎಂದು ಕೂಗುವ ದನಿಯಲ್ಲಿ.
ಪಕ್ಕದ ಮೇಜಿನ ಹುಡುಗ
ಪಾಸು ತೆಗೆಯುವವನಂತೆ ಜೇಬಿಗೆ ಕೈ ಹಾಕಿದ.

ಡಿಮ್ ಸಮ್ ಅಂದರೇನೆಂದು ನನಗೂ ಗೊತ್ತಿರಲಿಲ್ಲ.
ಬಿದಿರಿನ ಪುಟ್ಟ ಬುಟ್ಟಿ,
ಮುಚ್ಚಳ ತೆಗೆದರೆ ಹಬೆ,
ಹಬೆ ಇಳಿದ ಮೇಲೆ
ತಲೆ ತುಂಬ ಸೆರಗು ಹೊದ್ದು ಕೂತ ಆರು ಮುದುಕಿಯರು.
‘ಕಡುಬು’ ಅಂದೆ.
‘ಕಡುಬಿಗೆ ಇಷ್ಟು ಸಿಂಗಾರ ಎಲ್ಲೈತೆ’ ಅಂದಳು.
ಕೊಟ್ಟ ಎರಡು ಕಡ್ಡಿಗಳನ್ನು ಬೆರಳಲ್ಲಿ ಉರುಳಿಸಿ
‘ಜರಿದಾರ ಸುತ್ತಾಕೆ ಬರ್ತಾವೆ’ ಎಂದು
ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ನಾನು ಒಂದನ್ನು ಚಟ್ನಿಗದ್ದಿ ಬಾಯಿಗಿಟ್ಟು
ನಾಲಗೆ ಸುಟ್ಟುಕೊಂಡು ಕೂತೆ.
ಒಳಗೆ ಎಲೆಕೋಸು, ಗಜ್ಜರಿ, ಎಂಥದೋ ಅಣಬೆ.
ಬಿಸಿಯೇನೋ ಬಿಸಿಯೇ; ಖಾರ ಮಾತ್ರ
ಮಿರ್ಚಿಯ ಊರಿಗೆ ಬಂದ ನೆಂಟರ ಕೂಸಿನಂತೆ
ಬಾಗಿಲಲ್ಲೇ ನಿಂತಿತ್ತು.

ಇಂದೂ ತಿನ್ನಲಿಲ್ಲ.
ಒಂದನ್ನು ಅಂಗೈಯಲ್ಲಿಟ್ಟು
ಹೆಬ್ಬೆರಳಿಂದ ಅದರ ನೆತ್ತಿ ಸವರಿದಳು,
ಮಂಡಿಪೇಟೆಯ ಮೂರಡಿ ಅಂಗಡಿಯಲ್ಲಿ
ಮೂವತ್ತೊಂದು ವರ್ಷ
ಊರ ಹೆಂಗಸರ ಸೀರೆಗೆ ಫಾಲ್ ಹಚ್ಚಿದ ಹೆಬ್ಬೆರಳು.
‘ಹನ್ನೊಂದು ನಿರಿಗೆ.’
ಇನ್ನೊಂದು ಎತ್ತಿದಳು. ‘ಹನ್ನೊಂದು.’
ಮೂರನೆಯದಕ್ಕೆ ಬೆರಳು ತಡೆಯಿತು.
‘ಇದು ಹದಿನಾಲ್ಕು. ಎಡಕ್ಕೆ ಮಡಿಸಿದ್ದು.
ಕೈ ಬೇರೆ. ಹೆಂಗಸಿನದು. ವಯಸ್ಸಾಗೈತೆ.’

ಸಪ್ಲೈಯರ್ ನಗುತ್ತ ಒಳಗೆ ಹೋದ.
ಹೊರಬಂದವನು ಪಾಸಾಂಗ್, ಡಾರ್ಜಿಲಿಂಗ್ ಕಡೆಯ ಹುಡುಗ;
ಅವನ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ
ನಿಟ್ಟುವಳ್ಳಿಯ ಹಾಲವ್ವ.
‘ಏನಾರ ತಪ್ಪಾತೇನ್ರವ್ವ?
ಹನ್ನೊಂದು ಸಾಕಂತ ಈ ಹುಡ್ಗ ಬಡ್ಕೋತಾನೆ.
ಕರ್ಜಿಕಾಯಿ ಮಾಡಿದ ಕೈ, ಕೇಳ್ಬೇಕಲ್ಲ.’
ಕೈ ಒರೆಸಿದ್ದು ಎಡಗೈಯನ್ನೇ ಮೊದಲು.

ಇಂದೂ ಒಂದು ಹಸಿ ಹಾಳೆ ಕೇಳಿದಳು.
ತಟ್ಟೆಯಲ್ಲಿ ಬಂತು, ನಡುವೆ ಒಂದು ಚಮಚ ಹೂರಣ.
ಮುಖ ಕಿಟಕಿಯ ಕಡೆಗಿತ್ತು, ಕೈಯ ಕಡೆಗಲ್ಲ.
ಬೆರಳು ತಾವಾಗಿಯೇ ನಡೆದವು,
ಕರೆಂಟು ಹೋದಾಗ ಸ್ವಂತ ಮನೆಯ ಹಿತ್ತಿಲಿಗೆ
ಹೋಗಿಬರುವ ಹಾಗೆ.

ನೆನಪಾಯಿತು ಆಗ.
ಯುಗಾದಿಗೆ ಕೊಟ್ಟ ನನ್ನ ನೀಲಿ ಸೀರೆಗೆ
ಹಸಿರು ಫಾಲ್ ಹಚ್ಚಿದ್ದಳು.
‘ನನ್ನದು ಅಂದ್ರೆ ನಿನಗೆ ಅಷ್ಟು ಸದರ’ ಎಂದು
ಗಿರಾಕಿಗಳ ಮುಂದೆಯೇ ಅಂದಿದ್ದೆ.
ಎರಡು ತಿಂಗಳು ಮಾತು ಬಿಟ್ಟಿದ್ದೆ.
ಅವಳು ಏನೂ ಹೇಳಿರಲಿಲ್ಲ,
ಕೂಲಿ ವಾಪಸು ಕೊಟ್ಟಿದ್ದಳು, ಚಿಲ್ಲರೆ ಸಮೇತ.

ದೊಡ್ಡ ಬುಟ್ಟಿಯಲ್ಲಿ ಒಂದೇ ಒಂದು ಬೆಂದು ಬಂತು.
ನನ್ನ ಕಡೆ ತಳ್ಳಿದಳು. ‘ಎಣಿಸು.’
ಇಪ್ಪತ್ತಾರು ವರ್ಷ ಕಂಡಕ್ಟರಿಕೆಯಲ್ಲಿ
ಒಂದು ತಲೆ ಹೆಚ್ಚುಕಮ್ಮಿ ಎಣಿಸಿದವಳಲ್ಲ ನಾನು.
ಹಬೆಯೋ ಏನೋ, ಗೆರೆಗೆರೆ ಕಲಸಿಹೋಗಿ
ಬಾಯಿಗೆ ಬಂದದ್ದು ಹೇಳಿದೆ:
‘ಹದಿನಾರು.’

‘ಹದಿನೇಳು’ ಅಂದಳು ಇಂದೂ.
‘ಒಂದ್ಸಲ ಕಣ್ಣು ತೋರಿಸ್ಕೊಳ್ಳೇ.’